ಬೀಗತಿಯ ಮಡಚುವ ಫೋನು

ನಾಚಾರಂ, ಹೈದರಾಬಾದ್
12 ಜೂನ್ 2005

ಶೈಲಾ,

ನಿನಗೆ, ಅಳಿಯಂದಿರಿಗೆ, ಕೂಸಿಗೆ ಒಳ್ಳೆಯದಾಗಲಿ. ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ಬರೆಯಲು ಕೈ ಏಳಲಿಲ್ಲ, ಅದಕ್ಕೆ ಬಿಟ್ಟಿದ್ದೇನೆ. ನಿಮ್ಮಪ್ಪನ ಕಾಲಿನ ಪ್ಲಾಸ್ಟರ್ ಬಿಚ್ಚಿದ್ದಾರೆ, ಕೋಲು ಹಿಡಿದು ಫ್ಯಾಕ್ಟರಿಗೆ ಹೋಗುತ್ತಿದ್ದಾರೆ. ಸಂಕಟವೆಲ್ಲ ನನ್ನದು. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತು ಗೋಡೆಯ ಗಡಿಯಾರ ನೋಡುತ್ತ ‘ಎಸ್‌ಟಿಡಿ ಓಡಾಕತ್ತೈತಿ’ ಎನ್ನುತ್ತಾರೆ. ಕಾಗದದ ಮುಂದೆ ಆ ಕಾಟವಿಲ್ಲ.

ನಿನ್ನೆ ಕೂಕಟ್‌ಪಲ್ಲಿಗೆ ಹೋಗಿದ್ದೆ, ನಿಮ್ಮತ್ತೆಯ ಮನೆಗೆ. ಮಗಳ ಚೊಚ್ಚಲ ಕೂಸಿನ ಮುಖ ನೋಡಲು ಎರಡು ಬಸ್ಸು ಬದಲಿಸಿ ಬೀಗತಿಯ ಬಾಗಿಲು ಬಡಿಯಬೇಕಾಗಿ ಬಂದ ತಾಯಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಚೊಚ್ಚಲ ಬಾಣಂತನ ತವರಿನದು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಡಾಕ್ಟರು ನಿನಗೆ ರೈಲು ಹತ್ತಬೇಡ ಎಂದರು. ನಾನೇ ಗುವಾಹಾಟಿಗೆ ಬರೋಣವೆಂದು ಟಿಕೆಟ್ ತೆಗೆಸಿದರೆ ನಿಮ್ಮಪ್ಪ ಅದೇ ವಾರ ಸ್ಕೂಟರಿನಿಂದ ಬೀಳಬೇಕೇ? ನಾನಿಲ್ಲಿ ಅವರ ಕಾಲು ಎತ್ತಿ ಇಳಿಸುತ್ತ ಕೂತೆ. ನಿಮ್ಮತ್ತೆ ಸುಮಂಗಲಾಬಾಯಿ ಅಲ್ಲಿಗೆ ಬಂದು ಬಾಣಂತನ ಮಾಡಿ, ಕೂಸಿಗೆ ಪಿಂಕಿ ಎಂದು ಹೆಸರೂ ಕರೆದು ವಾಪಸಾದರು. ಪಿಂಕಿಯಂತೆ! ಲಿಂಗಸೂಗೂರಿನ ನಮ್ಮ ಮನೆತನದಲ್ಲಿ ಎಮ್ಮೆಗೂ ಇದಕ್ಕಿಂತ ತೂಕದ ಹೆಸರಿತ್ತು.

ಬರುವಾಗ ಮಗ ಕೊಡಿಸಿದ ಮಡಚುವ ಫೋನು ತಂದಿದ್ದಾರೆ, ಕ್ಯಾಮೆರಾ ಇರುವುದು. ಕೂಸು ಈಗ ಅದರೊಳಗೇ ಇದೆ.

‘ಬರ್ರಿ, ಬರ್ರಿ. ಮೊಮ್ಮಗಳನ್ನ ನೋಡಾಕ ಬಂದ್ರೇನ್ರಿ?’ ಎಂದರು, ಕೂಸು ಒಳಗಿನ ಕೋಣೆಯಲ್ಲಿ ಮಲಗಿದೆಯೇನೋ ಎಂಬಂತೆ. ಅವರು ಮನೆಯಲ್ಲೇ ನಡೆಸುವ ಮೆಸ್ಸಿನಲ್ಲಿ ಊಟದ ಹೊತ್ತು. ರೊಟ್ಟಿ ತಟ್ಟುವುದನ್ನು ಬಿಟ್ಟು, ಕೈ ಒರೆಸಿಕೊಂಡು, ಸೊಂಟದ ಚೀಲದಿಂದ ಫೋನು ತೆಗೆದರು. ಬೆಳ್ಳಿಯ ಬಣ್ಣ. ಮುಚ್ಚಿದಾಗ ಮೇಲೆ ಉಗುರಗಲದ ಕಿಟಕಿ, ಅದರಲ್ಲಿ ಟೈಮು. ಟಪ್ಪಂತ ತೆರೆಯುತ್ತದೆ, ಟಪ್ಪಂತ ಮುಚ್ಚುತ್ತದೆ. ಆ ಸದ್ದು ಚೆನ್ನಾಗಿದೆ, ಇಲ್ಲ ಎನ್ನಲಾರೆ. ಅದಕ್ಕೇ ಯಾರ ಫೋನೂ ಬಾರದಿದ್ದರೂ ನಿಮ್ಮತ್ತೆ ಗಳಿಗೆಗೊಮ್ಮೆ ತೆರೆದು ಮುಚ್ಚುತ್ತಾರೆ. ರಿಂಗು ಮಾತ್ರ ಶಹನಾಯಿ ಎಂದು ಹೇಳಿಕೊಂಡ ಸೊಳ್ಳೆ.

ಇನ್ನು ಫೋಟೊ. ‘ಮೂಗ ನೋಡ್ರಿ ಬೀಗ್ತಿಯರ, ಥೇಟ್ ನಮ್ಮ ಬಸವಕಿರಣಂದ!’ ಎಂದು ಮಗನ ಹೆಸರು ತಂದರು. ಕಣ್ಣು ಕಿರಿದು ಮಾಡಿ ನೋಡಿದೆ. ಚಾಳೀಸು ಹಾಕಿ ನೋಡಿದೆ. ಶೈಲಾ, ಆ ಫೋಟೊದಲ್ಲಿ ಮೂಗೇ ಇಲ್ಲ! ಎರಡು ಕಪ್ಪು ಚುಕ್ಕಿ, ಅವು ಕಣ್ಣಂತೆ. ಕೆಳಗೊಂದು ಕೆಂಪು ಗೀಟು, ಅದು ಬಾಯಂತೆ. ನಡುವೆ ಇರುವುದೆಲ್ಲ ನಾದಿಟ್ಟ ಹಿಟ್ಟು. ಕಾಣದ ಮೂಗಿಗೆ ವಂಶ ಹಚ್ಚುವವರಲ್ಲಿ ನಾನು ಇವರನ್ನೇ ಮೊದಲು ನೋಡಿದ್ದು. ‘ತಡೀರಿ, ದೊಡ್ಡದು ಮಾಡ್ತೀನಿ’ ಎಂದು ಒಂದು ಗುಂಡಿ ಒತ್ತಿದರು. ಕೂಸು ಮಾಯವಾಗಿ ಚೌಕ ಚೌಕದ ಕೌದಿ ಕಾಣಿಸಿತು. ಮೈಬಣ್ಣವೋ, ಅರಿಸಿನ ಬಳಿದ ಹಾಗೆ. ಕಾಮಾಲೆಯೇ ಎಂದು ಕೇಳಿದರೆ ‘ಟ್ಯೂಬ್‌ಲೈಟ್‌ದ್ರಿ’ ಎಂದರು.

ಒಂದು ಸಲ ಕೈಯಲ್ಲಿ ಹಿಡಿಯಲು ಕೊಡಿ ಎಂದೆ. ‘ಬ್ಯಾಡ್ರಿ, ಬ್ಯಾರೆ ಗುಂಡಿ ಒತ್ತಿದ್ರ ಫೋಟೊ ಹೋಗಿಬಿಡ್ತಾವ’ ಎಂದರು. ಮರುಗಳಿಗೆಗೇ ಮೆಸ್ಸಿಗೆ ಬಂದ ಒಬ್ಬ ಸಾಫ್ಟ್‌ವೇರ್ ಹುಡುಗ, ಎಣ್ಣೆಗಾಯಿ ತಿನ್ನುತ್ತಿದ್ದವನು, ಎಡಗೈ ಚಾಚಿದ. ಅವನಿಗೆ ಕೊಟ್ಟರು! ಅವನು ನೋಡಿ ‘ಕ್ಯೂಟ್ ಆಂಟಿ’ ಎಂದು ಮತ್ತೊಬ್ಬನಿಗೆ ಕೊಟ್ಟ. ನನ್ನ ಮೊಮ್ಮಗಳು ಪಂಕ್ತಿಯುದ್ದಕ್ಕೂ ಉಪ್ಪಿನಕಾಯಿಯ ಹಾಗೆ ಹೋದಳು. ನನ್ನ ಹೊಟ್ಟೆ ಧಗಧಗ ಉರಿಯಿತು. ಹೊಟ್ಟೆಕಿಚ್ಚು ಎನ್ನುವೆಯಾ, ಹೌದು, ಹೊಟ್ಟೆಕಿಚ್ಚೇ.

ತಪ್ಪದೆ ಬರೆ: ಮೂಗು ಯಾರದು? ಮೈ ಹಳದಿಯೇ? ಕೂದಲು ಎಷ್ಟಿದೆ?

ನಿನ್ನ ಅವ್ವ
ಶಿವದೇವಿ


ಗುವಾಹಾಟಿ
3 ಜುಲೈ 2005

ಅವ್ವಾ,

ಕಾಗದ ಮುಟ್ಟಿತು. ಕಾಮಾಲೆ ಇಲ್ಲ. ಕೂದಲು ಇದೆ. ಮೂಗು ಸದ್ಯಕ್ಕೆ ಕೂಸಿನದೇ.

ಅತ್ತೆಯವರ ಮೇಲೆ ಸಿಟ್ಟಾಗಬೇಡ. ಇಲ್ಲಿದ್ದಷ್ಟು ದಿನ ಅವರು ನನ್ನನ್ನು ನೆಲಕ್ಕೆ ಕಾಲಿಡಲು ಬಿಡಲಿಲ್ಲ. ಅವರು ಹೋದ ಮೇಲೆ ಅದು ಗೊತ್ತಾಗುತ್ತಿದೆ. ಇವರು ಮೊಬೈಲ್ ಟವರು ನಿಲ್ಲಿಸಲು ವಾರಗಟ್ಟಲೆ ಊರೂರು ಹೋಗುತ್ತಾರೆ. ಹೊರಗೆ ಮಳೆ ನಿಲ್ಲುತ್ತಿಲ್ಲ, ಪಕ್ಕದ ಮನೆಯವರ ಮಾತು ನನಗೆ ತಿಳಿಯುವುದಿಲ್ಲ. ಬರೆಯಲು ಕೂತರೆ ಕೂಸು ಏಳುತ್ತದೆ. ಅದು ಮಲಗಿದರೆ ನನಗೆ ಬರೆಯುವುದೇ ಬೇಡವೆನಿಸುತ್ತದೆ, ಸುಮ್ಮನೆ ಗೋಡೆ ನೋಡುತ್ತ ಕೂರುತ್ತೇನೆ.

ದಸರೆಗೆ ಬರುತ್ತೇವೆ. ಸಿಕಂದರಾಬಾದಿಗೆ ನೇರ ರೈಲಿದೆಯಂತೆ.

ಕೂಸು ಎದ್ದಿತು. ನಿಲ್ಲಿಸುತ್ತೇನೆ.

ಶೈಲಾ


ನಾಚಾರಂ
24 ಜುಲೈ 2005

ಶೈಲಾ,

ದಸರೆಗೆ ಬರುತ್ತೀರೆಂದು ಓದಿ ನಿಮ್ಮಪ್ಪ ಕೋಲು ಬಿಟ್ಟು ನಾಲ್ಕು ಹೆಜ್ಜೆ ನಡೆದರು. ನಾನು ಹಳೆಯ ಸೀರೆಗಳನ್ನು ತೆಗೆದು ಕೂಸಿಗೆ ಕೌದಿ ಹೊಲಿಯಲು ಕೂತಿದ್ದೇನೆ. ಒಂದೇ ಮಾತು ಮೊದಲೇ ಆಗಿಹೋಗಲಿ. ಸಿಕಂದರಾಬಾದ್ ಸ್ಟೇಷನ್ನಿನಿಂದ ನಾಚಾರಂ ಇಲ್ಲೇ ಇದೆ. ಕೂಕಟ್‌ಪಲ್ಲಿ ಊರಿನ ಆ ತುದಿಗೆ. ಕೂಸು ಮೊದಲು ನಮ್ಮ ಹೊಸ್ತಿಲು ದಾಟಬೇಕು. ಆರತಿ ಎತ್ತಿ ಒಳಗೆ ಕರೆದುಕೊಳ್ಳುವವಳು ನಾನು. ಬಾಣಂತನ ಹೋಯಿತು, ಹೆಸರು ಹೋಯಿತು, ಇದೊಂದನ್ನು ಬಿಡಲಾರೆ.

ಇದನ್ನು ನಿಮ್ಮತ್ತೆಗೂ ಹೇಳಿದೆ. ಆಕೆ ರೊಟ್ಟಿ ತಿರುವುತ್ತ, ‘ಹೆಂಗ ಆಕ್ಕೈತ್ರಿ? ಕೂಸು ಗಂಡನ ಮನಿದು. ಮೊದ್ಲ ಇಲ್ಲೇ ಕಾಲಿಡಬೇಕು’ ಎಂದರು.

‘ಐದು ತಿಂಗಳ ಕೂಸು ಎಲ್ಲಿ ಕಾಲಿಡ್ತೈತ್ರಿ? ಎತ್ಕೊಂಡವರು ಒಯ್ದಲ್ಲಿ ಹೋಗ್ತೈತಿ’ ಎಂದೆ.

‘ಅದನ್ನ ನಾನೂ ಹೇಳಾಕತ್ತೀನ್ರಿ. ಎತ್ತಿ ಆಡಿಸಿದವರ ಕೈ ಅದಕ್ಕ ಗೊತ್ತಿರ್ತೈತಿ’ ಎಂದರು. ನೋಡಿದೆಯಾ ಕುಟುಕಿದ್ದು? ತವೆಯ ಮೇಲಿನ ರೊಟ್ಟಿಗಿಂತ ನಾನೇ ಹೆಚ್ಚು ಉಬ್ಬಿದೆ.

ನಾನೂ ಸುಮ್ಮನೆ ಕೂರುವವಳಲ್ಲ. ಕಳೆದ ಭಾನುವಾರ ನಿಮ್ಮಪ್ಪನನ್ನು ಎಬ್ಬಿಸಿಕೊಂಡು ಸಿಕಂದರಾಬಾದಿನ ಒಂದು ಮೊಬೈಲ್ ಅಂಗಡಿಗೆ ಹೋದೆ. ಕೊಳ್ಳಲು ಅಲ್ಲ, ಪರೀಕ್ಷೆ ಮಾಡಲು. ಅಂಗಡಿಯ ಸಾಯಿಕುಮಾರ ಎಂಬಾತ ತೆಲುಗಿನವನು, ಒಳ್ಳೆಯ ಮನುಷ್ಯ. ಬೀಗತಿಯದೇ ಮಾದರಿಯ ಫೋನು ಗಾಜಿನೊಳಗಿತ್ತು. ತೆಗೆಸಿದೆ. ಬಾಗಿಲಲ್ಲಿ ನಿಂತಿದ್ದ ನಿಮ್ಮಪ್ಪನ ಫೋಟೊ ಹಿಡಿದೆ. ಶೈಲಾ, ಹಣೆಯ ಗೆರೆ ಇಲ್ಲ, ನರೆಗೂದಲು ಇಲ್ಲ, ಮದುವೆಗೆ ನಿಂತ ವರ! ನಿಮ್ಮಪ್ಪ ನೋಡಿ ‘ಇದ ಚೊಲೊ ಕ್ಯಾಮೆರಾ’ ಎಂದು ಹಟ ಹಿಡಿದರು. ಆಮೇಲೆ ಸಾಯಿಕುಮಾರ ಹೊಸದೊಂದು ಮಡಚುವ ಫೋನು ತೆಗೆದು, ‘ಇದಿ ಮೆಗಾಪಿಕ್ಸೆಲ್ ಆಂಟೀ, ಅದಿ ಉತ್ತ ವಿಜಿಎ’ ಎಂದ, ಅದು ಬರೀ ಕೆಳಗಿನ ದರ್ಜೆಯ ಕ್ಯಾಮೆರಾ ಎಂದು ಅರ್ಥ. ಅದರಲ್ಲಿ ಹಿಡಿದರೆ ಗೆರೆ, ನರೆ, ಅಂಗಿಗೆ ಗುಂಡಿ ಇಲ್ಲದ್ದು, ಎಲ್ಲ ಕಂಡಿತು. ನಿಮ್ಮಪ್ಪ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದರು.

ನಾನು ಬಿಡದೆ ಇನ್ನೂ ಪರೀಕ್ಷಿಸಿದೆ. ಬೀಗತಿಯ ಫೋನಿನ ಕ್ಯಾಮೆರಾಕ್ಕೆ ಬೆಳಕಿಲ್ಲದ ಕಡೆ ಕಣ್ಣು ಕಾಣುವುದಿಲ್ಲ. ಹಿಡಿದ ಕೈ ಒಂದಿಷ್ಟು ಅಲುಗಿದರೂ ಒಬ್ಬರು ಇಬ್ಬರಾಗುತ್ತಾರೆ. ಫೋಟೊಗಳನ್ನು ತೆಗೆದು ಬೇರೆ ಕಡೆ ಇಡುವ ಕಾರ್ಡಿಗೆ ಜಾಗವೇ ಇಲ್ಲ. ಸದ್ದು ಒಂದೇ ಅದರ ಬಂಡವಾಳ. ಅಂಗಡಿಯಿಂದ ನೇರ ಕೂಕಟ್‌ಪಲ್ಲಿಯ ಬಸ್ಸು ಹತ್ತಿದೆ, ತಡೆಯಲಾಗಲಿಲ್ಲ. ‘ಸುಮಂಗಲಾಬಾಯಿ, ನಿಮ್ಮದು ಎಲ್ಲಾಕ್ಕಿಂತ ಕೆಳಗಿನ ದರ್ಜೆದ್ದು ನೋಡ್ರಿ’ ಎಂದು ಮುಖಕ್ಕೇ ಹೇಳಿದೆ.

‘ಇರ್ಲಿ ಬಿಡ್ರಿ. ಇಲ್ಲದ್ದಕ್ಕಿಂತ ಇದ್ದದ್ದ ಚೊಲೊ ಅಲ್ರಿ?’ ಎಂದರು.

ಹೊರಡಲೆಂದು ಎದ್ದೆ. ಅಷ್ಟರಲ್ಲಿ ಟಪ್ಪಂತ ತೆರೆದು ಗುವಾಹಾಟಿಯಿಂದ ಫೋನಿಗೇ ಬಂದ ಹೊಸ ಫೋಟೊ ತೋರಿಸಿದರು. ಕೂಸು ಬೋರಲು ಬಿದ್ದಿದೆಯಂತೆ! ಮೆಸ್ಸಿನ ಹುಡುಗರಿಗೆಲ್ಲ ಆಗಲೇ ಸಕ್ಕರೆ ಹಂಚಿಯೂ ಆಗಿತ್ತು. ನನಗೆ ತಟ್ಟೆಯ ತಳದಲ್ಲಿ ಉಳಿದದ್ದು. ನನಗೇಕೆ ಒಂದು ಮಾತು ತಿಳಿಸಲಿಲ್ಲ? ಯಾವ ದಿನ ಬಿತ್ತು, ಎಡಕ್ಕೋ ಬಲಕ್ಕೋ, ಎಲ್ಲ ಬರೆ. ಮತ್ತೆ ಹೊಸ್ತಿಲಿನ ಮಾತಿಗೆ ಹೂಂ ಎಂದು ಬರೆ.

ಅವ್ವ
ಶಿವದೇವಿ


ನಾಚಾರಂ
17 ಆಗಸ್ಟ್ 2005

ಶೈಲಾ,

ನಿನ್ನಿಂದ ಕಾಗದವಿಲ್ಲ. ನಿಮ್ಮತ್ತೆ ಎಸ್‌ಟಿಡಿ ಬೂತಿನಿಂದ ನಿನಗೆ ಎಲ್ಲ ಹೇಳಿರುತ್ತಾರೆ. ಅವರು ಹೇಳುವುದು ಅರ್ಧ. ಉಳಿದರ್ಧ ಇದು, ನಡೆದದ್ದು ನಡೆದ ಹಾಗೆ.

ಮೊನ್ನೆ ಶ್ರಾವಣ ಸೋಮವಾರ. ಹೋಳಿಗೆ ಮಾಡಿ ಒಯ್ದಿದ್ದೆ, ಜಗಳ ಬೇಡವೆಂದು. ಮೆಸ್ಸಿಗೆ ರಜೆ. ಬೀಗತಿಯ ಮುಖ ಸಪ್ಪಗಿತ್ತು. ‘ಪಿಂಕಿಗೆ ನಾಕ ದಿನದಿಂದ ಜ್ವರ ಅಂತ್ರಿ, ಹಾಲು ಕುಡಿಯವಲ್ತಂತ’ ಎಂದು ಹೇಳಿ, ಫೋನು ತೆರೆದು ನನ್ನ ಮುಂದಿಟ್ಟು, ಮೇಲಿನ ಮನೆಯವರು ಕರೆದರೆಂದು ಮಹಡಿಗೆ ಹೋದರು. ಮೊದಲ ಸಲ ಫೋನು ನನ್ನ ಕೈಗೆ ಬಂತು. ಮೊದಲ ಸಲ ನಾನೂ ಕೂಸೂ ಇಬ್ಬರೇ ಆದೆವು.

ಜ್ವರ ಬಾರದೆ ಇನ್ನೇನು? ಆ ಪಂಕ್ತಿಯಲ್ಲಿ ಕೂತವರು, ಹಾಲಿನವನು, ಗ್ಯಾಸಿನವನು, ಎಷ್ಟು ಜನರ ಕಣ್ಣು ಬಿದ್ದಿದೆ ಆ ಫೋಟೊಗೆ! ಒಬ್ಬರೂ ದೃಷ್ಟಿ ತೆಗೆದಿಲ್ಲ. ದೇವರ ಮನೆಯಲ್ಲಿ ಅರಿಸಿನ, ಸುಣ್ಣ ಇದ್ದವು. ತಟ್ಟೆಯಲ್ಲಿ ನೀರು ಹಾಕಿ ಕಲಸಿದೆ, ಕೆಂಪಗಾಯಿತು. ಫೋನನ್ನು ಮಣೆಯ ಮೇಲೆ ಅಗಲವಾಗಿ ಬಿಚ್ಚಿಟ್ಟು, ಕೂಸಿನ ಮುಖಕ್ಕೆ ಮೂರು ಸುತ್ತು ನಿವಾಳಿಸಿದೆ. ನಿವಾಳಿಸಿದ ಮೇಲೆ ಏನು ಮಾಡುತ್ತಾರೆ? ಬೆರಳು ಅದ್ದಿ ಹಣೆಗೆ ಇಡುತ್ತಾರೆ. ನನ್ನ ಕೈ ತಾನಾಗಿ ಹೋಯಿತು. ಇಟ್ಟೆ. ಇಟ್ಟ ಬೊಟ್ಟು ಇಳಿಯಿತು. ಸೆರಗಿನಲ್ಲಿ ಒರೆಸಲು ಹೋದರೆ ಇನ್ನಷ್ಟು ಇಳಿದು, ಬಿಜಾಗರಿ ಇರುತ್ತದಲ್ಲ, ಮಡಚುವ ಜಾಗ, ಅದರೊಳಗೆ ಸೇರಿತು. ಮೆಟ್ಟಿಲ ಮೇಲೆ ಬೀಗತಿಯ ಹೆಜ್ಜೆ ಸದ್ದು. ಗಾಬರಿಯಾಗಿ ಟಪ್ಪಂತ ಮುಚ್ಚಿಬಿಟ್ಟೆ.

ಅವರು ತೆರೆದಾಗ ಕೂಸಿನ ಮೇಲೆ ನೀಲಿ ಗೆರೆಗಳಿದ್ದವು. ಮತ್ತೆ ಬರೀ ಬಿಳಿ. ಮತ್ತೆ ಅದೂ ಇಲ್ಲ.

‘ಏನ್ ಮಾಡಿದ್ರಿ? ಅಯ್ಯ, ಏನ್ ಮಾಡಿದ್ರೀ!’ ಎಂದು ಬೀಗತಿ ನೆಲಕ್ಕೆ ಕೂತರು. ದೃಷ್ಟಿ ತೆಗೆದೆ ಎಂದರೆ, ‘ನಿಮ್ಮ ದೃಷ್ಟಿನ ತಾಗಿದ್ದು! ಅದು ಬಂದ ದಿನದಿಂದ ನಿಮ್ಮ ಕಣ್ಣು ಅದರ ಮ್ಯಾಲ’ ಎಂದರು. ಬಾಣಂತನದಲ್ಲಿ ಹಿಡಿದ ಫೋಟೊ, ನೀನು ಮೊದಲು ಎದ್ದು ಕೂತದ್ದು, ಕೂಸಿನ ಮೊದಲ ಎಣ್ಣೆ ನೀರು, ಎಲ್ಲ ಅದರಲ್ಲೇ ಇದ್ದವಂತೆ. ಸಾಯಿಕುಮಾರನ ಹತ್ತಿರ ಒಯ್ದೆವು. ಬಿಚ್ಚಿ ನೋಡಿ, ಸುಣ್ಣದ ನೀರು ಒಳಗೆಲ್ಲ ತಿಂದಿದೆ, ಏನೂ ಉಳಿಯುವುದಿಲ್ಲ ಎಂದ. ಬಸ್ಸಿನಲ್ಲಿ ಬೀಗತಿ ನನ್ನ ಪಕ್ಕ ಕೂರದೆ ಹಿಂದೆ ಹೋಗಿ ಕೂತರು.

ಬೇಕೆಂದು ಮಾಡಿದೆಯಾ ಎಂದು ನೀನು ಕೇಳಬಹುದು. ಬಸವಣ್ಣನ ಆಣೆ, ಇಲ್ಲ. ಆದರೆ ಪರದೆ ಬಿಳಿಯಾದಾಗ ಹೊಟ್ಟೆಯೊಳಗೆ ಒಂದು ಗಳಿಗೆ ತಣ್ಣಗಾಯಿತು. ಇನ್ನು ಅವರಿಗೂ ಇಲ್ಲ, ನನಗೂ ಇಲ್ಲ ಎನಿಸಿತು. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಕೂಸಿನ ಜ್ವರ ಇಳಿಯಿತೇ? ಹಾಲು ಕುಡಿಯುತ್ತಿದೆಯೇ? ಬೇಗ ಬರೆ. ಹೊಸ್ತಿಲಿನ ಮಾತು ಮರೆಯಬೇಡ. ಈ ಗಲಾಟೆಯ ನೆಪದಲ್ಲಿ ಬೀಗತಿ ನಿನ್ನ ಮನಸ್ಸು ತಿರುಗಿಸಿಯಾರು.

ಅವ್ವ


ಗುವಾಹಾಟಿ
6 ಸೆಪ್ಟೆಂಬರ್ 2005

ಅವ್ವಾ,

ಜ್ವರ ಇಳಿದಿದೆ. ಹಾಲು ಕುಡಿಯುತ್ತಿದೆ. ಬೋರಲು ಬಿದ್ದದ್ದು ಬಲಕ್ಕೆ.

ದಸರೆಗೆ ಬರುವುದಿಲ್ಲ. ಟಿಕೆಟ್ ರದ್ದು ಮಾಡಿಸಲು ಇವರಿಗೆ ಹೇಳಿದ್ದೇನೆ.

ನಿನ್ನ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಓದಿದೆ. ಮೂಗು ಕೇಳಿದ್ದೀ, ಬಣ್ಣ ಕೇಳಿದ್ದೀ, ಎಡವೋ ಬಲವೋ ಎಂದು ಕೇಳಿದ್ದೀ. ಫೋನಿನ ಕ್ಯಾಮೆರಾಕ್ಕೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲವೆಂದು ಪತ್ತೆ ಮಾಡಿದ್ದೀ. ‘ಶೈಲಾ, ನೀನು ಹೇಗಿದ್ದೀ’ ಎಂದು ಎಲ್ಲಾದರೂ ಇದೆಯೇನೋ ಎಂದು ಹುಡುಕಿದೆ. ಇಲ್ಲ ಅವ್ವಾ. ಅತ್ತೆಯವರು ಬೂತಿನಿಂದ ಫೋನು ಮಾಡಿ ಅತ್ತರು. ಅವರು ಅತ್ತದ್ದೂ ಫೋಟೊಗಳಿಗೆ.

ಹೇಳಬಾರದ್ದು ಹೇಳುತ್ತೇನೆ. ನನಗೆ ಈ ಕೂಸನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಹೋದ ವರ್ಷ ಈ ಹೊತ್ತಿಗೆ ನಾನು ನಿನ್ನ ಮಗಳಾಗಿದ್ದೆ. ನಾನು ಕೆಮ್ಮಿದರೆ ನೀನು ಕಷಾಯ ಮಾಡಿ ಕಳಿಸುತ್ತೇನೆ ಎನ್ನುತ್ತಿದ್ದೆ. ಈಗ ನಾನು ಅದಕ್ಕೆ ಹಾಲು ಕೊಡುವವಳು, ಅದರ ಫೋಟೊ ಹಿಡಿದು ಕಳಿಸುವವಳು. ತಲೆಗೆ ಎಣ್ಣೆ ಹಚ್ಚಿಕೊಂಡು ಎಷ್ಟು ದಿನವಾಯಿತೋ. ಒಲೆಯ ಮುಂದೆ ನಿಂತರೆ ಅಳು ಬರುತ್ತದೆ, ಯಾಕೆಂದು ಗೊತ್ತಿಲ್ಲ. ಇವರಿಗೆ ಹೇಳಿದರೆ, ಈ ಟವರೊಂದು ಏಳಲಿ ಎನ್ನುತ್ತಾರೆ. ಒಂದು ಎದ್ದರೆ ಇನ್ನೊಂದು.

ಯಾವ ಹೊಸ್ತಿಲು ಮೊದಲು ಎಂಬುದನ್ನು ನೀವಿಬ್ಬರೂ ತೀರ್ಮಾನ ಮಾಡಿಕೊಳ್ಳಿ. ನನಗೆ ಈ ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗುವುದೇ ಆಗುತ್ತಿಲ್ಲ.

ಶೈಲಾ


ಗುವಾಹಾಟಿ
2 ಅಕ್ಟೋಬರ್ 2005

ಸುಮಂಗಲಾಬಾಯಿಯವರಿಗೆ ಶರಣು.

ಸುಖವಾಗಿ ಮುಟ್ಟಿದೆ. ರೈಲಿನಲ್ಲಿ ಮೂರನೆಯ ದಿನಕ್ಕೂ ನಿಮ್ಮ ಖಡಕ್ ರೊಟ್ಟಿ ಮುರಿದರೆ ಸದ್ದು ಬರುತ್ತಿತ್ತು. ಆ ದಿನ ಶೈಲಾಳ ಕಾಗದ ಹಿಡಿದು ನಿಮ್ಮ ಮನೆಗೆ ಬಂದಾಗ ನೀವು ಬಾಗಿಲು ತೆರೆಯುವುದಿಲ್ಲವೆಂದುಕೊಂಡಿದ್ದೆ. ತೆರೆದಿರಿ, ಓದಿದಿರಿ, ನನ್ನ ದಾರಿಗೆಂದು ರೊಟ್ಟಿ ಬಡಿಯಲು ಕೂತಿರಿ. ನಮ್ಮವರಿಗೆ ಊಟವನ್ನೂ ನಿಮ್ಮ ಮೆಸ್ಸಿನಿಂದಲೇ ಕಳಿಸುತ್ತಿದ್ದೀರಂತೆ. ಉಪ್ಪು ಕಡಿಮೆ ಎಂದರೆ ಕೇಳಬೇಡಿ, ಅವರ ನಾಲಿಗೆಯೇ ಹಾಗೆ.

ಶೈಲಾ ಇಳಿದುಹೋಗಿದ್ದಾಳೆ. ಬಾಗಿಲು ತೆರೆದವಳನ್ನು ಒಂದು ಗಳಿಗೆ ಗುರುತೇ ಹಿಡಿಯಲಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ಬಾಣಂತಿಯರಿಗೆ ಮನಸ್ಸು ಹೀಗೆ ಕುಸಿಯುವುದುಂಟು, ಗುಳಿಗೆ ಕೊಡುತ್ತೇನೆ, ಮೊದಲು ನಿದ್ದೆಯಾಗಲಿ ಎಂದರು. ಅಳಿಯಂದಿರಿಗೆ ನಾನು ಬೈದಿದ್ದೇನೆ, ನಿಮ್ಮ ಹೆಸರಿನಲ್ಲೂ ಒಂದಿಷ್ಟು ಬೈದಿದ್ದೇನೆ. ಟವರಿಗೆ ರಜೆ ಹಾಕಿದ್ದಾರೆ. ಪಿಂಕಿ ನನ್ನನ್ನು ಕಂಡು ಎರಡು ದಿನ ಹರಿದುಹೋಗುವ ಹಾಗೆ ಅತ್ತಿತು. ಈಗ ಬರುತ್ತದೆ. ಶೈಲಾಳ ತಲೆಗೆ ದಿನಾ ಎಣ್ಣೆ ತಟ್ಟುತ್ತೇನೆ. ಉಣ್ಣುತ್ತಾಳೆ, ಮಲಗುತ್ತಾಳೆ, ಎದ್ದು ಮತ್ತೆ ಉಣ್ಣುತ್ತಾಳೆ. ಮೊನ್ನೆ ನಾನು ನಿಮ್ಮಂತೆ ಮಾತಾಡಿ ತೋರಿಸಿದ್ದಕ್ಕೆ ನಕ್ಕಳು. ಕ್ಷಮಿಸಿ, ಆದರೆ ನಕ್ಕಳು.

ಅಳಿಯಂದಿರು ಫೋಟೊ ಹಿಡಿದು ಕಳಿಸಲೇ ಎಂದು ಕೇಳಿದರು. ಸ್ವಲ್ಪ ದಿನ ಬೇಡವೆಂದೆ. ನೀವು ಬೇಸರ ಮಾಡಿಕೊಳ್ಳಬೇಡಿ.

ಒಂದು ಮಾತು ನಿಮಗೆ ಬರೆಯದಿದ್ದರೆ ನನಗೆ ಸಮಾಧಾನವಾಗದು. ನಿನ್ನೆ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಮಲಗಿದ್ದರು. ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ. ಕೂಸು ಕುಂಯ್ ಎಂದಿತು. ಶೈಲಾ ಕಣ್ಣು ತೆರೆಯಲಿಲ್ಲ, ನಿದ್ದೆಯಲ್ಲೇ ಕೈ ಚಾಚಿ ನನ್ನ ಸೆರಗು ಹಿಡಿದು, ‘ಅತ್ತೀ, ಒಂಚೂರು ಎತ್ಕೊಳ್ರಿ’ ಎಂದಳು.

ಎದೆಯೊಳಗೆ ಬೆಂಕಿ ಬಿತ್ತು ಸುಮಂಗಲಾಬಾಯಿ, ಸುಳ್ಳು ಬರೆಯಲಾರೆ. ಹೆತ್ತವಳು ಪಕ್ಕದಲ್ಲಿದ್ದೇನೆ, ಅವಳ ನಿದ್ದೆಗೆ ಬಂದವರು ನೀವು. ‘ನಾನು ಬೇ, ನಿಮ್ಮವ್ವ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು.

‘ಹೂಂ ತಂಗೀ, ಎತ್ಕೊಂಡೀನಿ. ನೀ ಮಲ್ಕೋ’ ಎಂದೆ, ನೀವು ಅವಳನ್ನು ಕರೆಯುವ ಹಾಗೆಯೇ. ಸೆರಗು ಬಿಟ್ಟು ಮಲಗಿದಳು.

ನಿಮ್ಮ ಬೀಗತಿ
ಶಿವದೇವಿ